ರಜೆಯಲ್ಲಿ ಮಾಡಿದ್ದು ಮನೆಗೆ ಬೇಕಾಗಿರಲಿ

ಏಪ್ರಿಲ್ ಎರಡನೆಯ ವಾರಕ್ಕೆ ಶಾಲೆಗೆ ಬೀಗ ಬಿತ್ತೆಂದರೆ ಮೇ ಕೊನೆಯವರೆಗೆ ಸುಮಾರು ಐವತ್ತು ದಿನ ರಜೆ. ನಮ್ಮ ಎಮ್ಮೆದೊಡ್ಡಿ ಕಡೆ ಆ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಬಾಬಾಬುಡನ್‌ಗಿರಿ ಸಾಲಿನ ಆಚೆ ಧೋ ಎಂದು ಸುರಿಯುವ ಮಳೆ, ಈಚೆ ಕಡೂರಿನ ಬಯಲಿಗೆ ಬರುವಾಗ ಅಳಿದುಳಿದಷ್ಟೇ. ಮಧ್ಯಾಹ್ನ ಹೊರಗೆ ಆಡುವ ಹಾಗಿಲ್ಲ. ಒಳಗೆ ಕೂತರೆ ಮಕ್ಕಳ ಕೈಗೆ ಮೊಬೈಲ್, ಅಜ್ಜ-ಅಜ್ಜಿಯರಿಗೆ ತೂಕಡಿಕೆ.

ರಜೆ ಬಂದಾಗಲೆಲ್ಲ ಐಸ್‌ಕ್ರೀಂ ಕಡ್ಡಿಯ ಮನೆ, ಥರ್ಮಾಕೋಲ್ ದೇವಸ್ಥಾನ ಮಾಡಿಸುವುದುಂಟು. ಎರಡು ದಿನ ಟಿ.ವಿ. ಮೇಲೆ ಕೂತು, ಮೂರನೆಯ ದಿನ ಅಟ್ಟ ಸೇರುತ್ತವೆ. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದು ಬಂದ ನನ್ನದು ಒಂದೇ ಕಟ್ಟಳೆ: ರಜೆಯಲ್ಲಿ ಮಾಡಿದ ವಸ್ತು ಮನೆಯಲ್ಲಿ ಯಾರಿಗಾದರೂ ಬೇಕಾಗಿರಬೇಕು, ಸಾಮಾನು ಮನೆಯಲ್ಲೇ ಸಿಗಬೇಕು. ಹಾಗೆ ಆರಿಸಿದ ಕೆಲವು ಕೆಲಸ ಇಲ್ಲಿವೆ. ಚಾಕು, ಒಲೆ, ಕಾದ ಮೊಳೆ ಎಂದು ಬಂದ ಕಡೆ ದೊಡ್ಡವರ ಕೈ, ಉಳಿದದ್ದೆಲ್ಲ ಮಕ್ಕಳ ಕೈ.

ಸೋರುವ ನಲ್ಲಿಯ ಲೆಕ್ಕ

ಮೊದಲ ದಿನ ಅಡುಗೆ ಬೇಡ, ಅಂಟು ಬೇಡ. ಮಕ್ಕಳೇ, ಮನೆಯಲ್ಲಿ ತೊಟ್ಟಿಕ್ಕುವ ನಲ್ಲಿ ಹುಡುಕಿ. ಅದರ ಕೆಳಗೆ ಒಂದು ಲೋಟ ಇಟ್ಟು ಗಡಿಯಾರ ನೋಡಿ ಸರಿಯಾಗಿ ಹತ್ತು ನಿಮಿಷ ಬಿಡಿ. ಸೇರಿದ ನೀರನ್ನು ಔಷಧಿ ಬಾಟಲಿಯ ಅಳತೆ ಮುಚ್ಚಳದಿಂದ ಅಳೆಯಿರಿ. ಬಂದ ಸಂಖ್ಯೆಯನ್ನು 144ರಿಂದ ಗುಣಿಸಿ. ಒಂದು ದಿನದಲ್ಲಿ ಹತ್ತು ನಿಮಿಷಗಳು 144 ಸಲ ಬರುತ್ತವೆ, ಅದಕ್ಕೇ ಈ ಸಂಖ್ಯೆ.

ಹತ್ತು ನಿಮಿಷಕ್ಕೆ 100 ಮಿಲಿಲೀಟರ್ ಸೇರಿತೆನ್ನಿ. ದಿನಕ್ಕೆ 14,400 ಮಿಲಿಲೀಟರ್, ಅಂದರೆ ಹದಿನಾಲ್ಕೂವರೆ ಲೀಟರಿನ ಹತ್ತಿರ. ಹೆಚ್ಚುಕಡಿಮೆ ಒಂದು ಕೊಡ! ವರ್ಷಕ್ಕೆ 5,256 ಲೀಟರ್. ಕೊಳವೆ ಬಾವಿ ಬತ್ತಿದಾಗ ಟ್ಯಾಂಕರ್ ದಾರಿ ಕಾಯುವ ಊರಿನಲ್ಲಿ ಇದು ಸಣ್ಣ ಮೊತ್ತವಲ್ಲ. ಈ ಲೆಕ್ಕವನ್ನು ಬರೆದು ಅಪ್ಪನ ಕೈಗೆ ಕೊಡಿ. ಬಹಳ ಸಲ ರಿಪೇರಿಗೆ ಬೇಕಾಗುವುದು ಕೆಲವೇ ರೂಪಾಯಿಯ ಒಂದು ವಾಷರ್.

ರಾಗಿ ಹುರಿಹಿಟ್ಟು

ನಮ್ಮ ಸೀಮೆಯ ಹಳೆಯ ತಿಂಡಿ ಇದು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಬೆಳೆಯುವ ಮೂಳೆಗೂ ಸವೆಯುವ ಮೂಳೆಗೂ ಅದು ಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪೇಟೆಯ ಅಂಗಡಿಗಳಲ್ಲಿ ರಾಗಿಗೆ ಬಣ್ಣದ ಪೊಟ್ಟಣ ಬಂತು. ಮನೆಯಲ್ಲಿ ಅದೆಲ್ಲ ಬೇಡ.

ಒಂದು ಕಿಲೋ ರಾಗಿಯನ್ನು ತೊಳೆದು, ಕಲ್ಲು ತೆಗೆದು, ನೀರು ಬಸಿಯಿರಿ. ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ಇಡಿ. ಬೆಳಗ್ಗೆ ನೆರಳಿನಲ್ಲಿ ಹರಡಿ. ಕೈಗೆ ತೇವ ಅಂಟಬಾರದು, ಆದರೆ ಕಾಳು ಪೂರಾ ಒಣಗಲೂ ಬಾರದು. ದಪ್ಪ ತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ ಹುರಿದರೆ ಪಟಪಟನೆ ಅರಳುತ್ತದೆ. ಕಾಳಿನೊಳಗಿನ ತೇವ ಬಿಸಿಗೆ ಆವಿಯಾಗಿ ಹೊರಗೆ ಬರಲು ನುಗ್ಗುತ್ತದೆ, ಆಗ ಕಾಳು ಒಡೆಯುತ್ತದೆ. ಪೂರಾ ಒಣಗಿದ ರಾಗಿ ಅರಳದಿರುವುದು ಇದರಿಂದಲೇ. ಅರಳಿದ್ದು ಆರಿದ ಮೇಲೆ ಗಿರಣಿಯಲ್ಲೋ ಮಿಕ್ಸಿಯಲ್ಲೋ ಬೀಸಿ, ಜರಡಿ ಹಿಡಿದು, ಗಾಳಿಯಾಡದ ಡಬ್ಬಿಗೆ ತುಂಬಿ. ಜರಡಿ ಹಿಡಿಯುವ ಕೆಲಸ ಮಕ್ಕಳದು. ಮೂಗಿನ ತುದಿಗೆ ಹಿಟ್ಟು ಮೆತ್ತದೆ ಇದು ಮುಗಿಯುವುದಿಲ್ಲ.

ತಿನ್ನುವಾಗ ಒಂದು ಬಟ್ಟಲು ಹಿಟ್ಟಿಗೆ ಅರ್ಧ ಬಟ್ಟಲು ಬೆಲ್ಲದ ಪುಡಿ, ಕಾಲು ಬಟ್ಟಲು ಕೊಬ್ಬರಿ ತುರಿ, ಎರಡು ಏಲಕ್ಕಿ, ಒಂದು ಚಮಚ ತುಪ್ಪ. ಬೆಚ್ಚಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಉಂಡೆ ಕಟ್ಟಿ. ಹಲ್ಲಿಲ್ಲದ ಅಜ್ಜಿಗೂ ಹಲ್ಲು ಬಿದ್ದ ಮೊಮ್ಮಗನಿಗೂ ಒಂದೇ ಉಂಡೆ ಸಾಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಬಿಟ್ಟು ಮಜ್ಜಿಗೆ, ಉಪ್ಪು, ಒಗ್ಗರಣೆ ಹಾಕಿ ಕಲಸಿಕೊಳ್ಳಬಹುದು.

ಬಾಯಾರಿಕೆಗೆ ಪಾನಕ, ಬಳಲಿಕೆಗೆ ಉಪ್ಪು-ಸಕ್ಕರೆ ನೀರು

ಬೇಲದ ಹಣ್ಣು ಸಿಕ್ಕಿದರೆ ಒಡೆದು, ತಿರುಳನ್ನು ನಾಲ್ಕು ಲೋಟ ನೀರಿನಲ್ಲಿ ಕಿವುಚಿ ಸೋಸಿ. ನಿಮ್ಮ ಬಾಯಿಗೆ ಹಿಡಿಸುವಷ್ಟು ಬೆಲ್ಲ, ಎರಡು ಏಲಕ್ಕಿ, ನಾಲ್ಕು ಕಾಳುಮೆಣಸಿನ ಪುಡಿ ಸೇರಿಸಿ. ರಾಮನವಮಿಯ ಪಾನಕ ಸಿದ್ಧ. ಊರ ಹೆಸರಿನಲ್ಲೇ ಎಮ್ಮೆಯೂ ಇದೆ, ದೊಡ್ಡಿಯೂ ಇದೆ. ಹಾಗಾಗಿ ಮಜ್ಜಿಗೆಯ ವಿಧಾನ ನಾನು ಹೇಳಿಕೊಡಬೇಕಾಗಿಲ್ಲ.

ಆದರೆ ವಾಂತಿ-ಭೇದಿ ಆದಾಗ ಪಾನಕ ಸಾಲದು. ಆಗ ಮೈಯಿಂದ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಔಷಧಿ ಅಂಗಡಿಯಲ್ಲೂ ಆರೋಗ್ಯ ಕೇಂದ್ರದಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣ ಎಲ್ಲಕ್ಕಿಂತ ಒಳ್ಳೆಯದು. ಅದು ಕೈಗೆ ಸಿಗುವವರೆಗೆ ಮನೆಯಲ್ಲೇ ಹೀಗೆ ಮಾಡಿ: ಕುದಿಸಿ ಆರಿಸಿದ ನೀರು 1 ಲೀಟರ್, ಸಕ್ಕರೆ ಸಣ್ಣ ಚಮಚದಲ್ಲಿ ಸಮತಟ್ಟಾಗಿ 6, ಉಪ್ಪು ಅದೇ ಚಮಚದಲ್ಲಿ ಅರ್ಧ. ಚಮಚದ ಮೇಲೆ ಗುಡ್ಡೆ ಇರಬಾರದು, ಬೆರಳಿನಿಂದ ಸವರಿ. ಉಪ್ಪು ಹೆಚ್ಚಾದರೆ ಸಣ್ಣ ಮಕ್ಕಳಿಗೆ ಅಪಾಯ. ಕುಡಿಸುವ ಮೊದಲು ದೊಡ್ಡವರು ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ. ಗುಟುಕು ಗುಟುಕಾಗಿ ಕುಡಿಸಿ. 24 ಗಂಟೆಯ ನಂತರ ಉಳಿದದ್ದನ್ನು ಬಳಸಬೇಡಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಈ ಅಳತೆಯನ್ನು ಮಕ್ಕಳು ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಲಿ.

ಬೆಂಕಿಪೊಟ್ಟಣದ ಮಾತ್ರೆಗೂಡು

ಅಜ್ಜ-ಅಜ್ಜಿಯರ ಮನೆಯಲ್ಲಿ ದಿನವೂ ಕೇಳುವ ಮಾತು: “ಬಿ.ಪಿ. ಮಾತ್ರೆ ತಗೊಂಡೆನೋ ಇಲ್ಲವೋ?” ಮರೆತು ಬಿಟ್ಟರೂ ತೊಂದರೆ, ಮರೆತು ಎರಡು ಸಲ ತೆಗೆದುಕೊಂಡರೂ ತೊಂದರೆ. ಇದಕ್ಕೆ ಏಳು ಖಾಲಿ ಬೆಂಕಿಪೊಟ್ಟಣ ಸಾಕು.

ಮೊದಲು ಅಂಟು. ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕಾಯಿಸಿ, ಆರಿಸಿ. ಎರಡು ದಿನದಲ್ಲಿ ಹುಳಿ ಬರುತ್ತದೆ, ಬೇಕಾದಷ್ಟೇ ಮಾಡಿ. ಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿ, ಸುತ್ತಲೂ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಸುತ್ತಿ. ಒಳಗಿನ ಒಂದೊಂದು ಪುಟ್ಟ ಪೆಟ್ಟಿಗೆಗೂ ಮುಂದುಗಡೆ ಅಂಗಿಯ ಗುಂಡಿ ಹೊಲಿದರೆ ಎಳೆಯಲು ಹಿಡಿ ಆಯಿತು. ಮೇಲಿಂದ ಕೆಳಗೆ ಸೋಮವಾರದಿಂದ ಭಾನುವಾರದವರೆಗೆ ದಪ್ಪಕ್ಷರದಲ್ಲಿ ಬರೆಯಿರಿ.

ಮಾತ್ರೆಯನ್ನು ಬಿಡಿಯಾಗಿ ಹಾಕಬೇಡಿ, ತೇವ ತಾಗಿ ಕೆಡುತ್ತದೆ. ಹಾಳೆಯನ್ನು ಕತ್ತರಿಯಿಂದ ಒಂದೊಂದೇ ಮಾತ್ರೆಯಾಗಿ ಕತ್ತರಿಸಿ, ಹೊದಿಕೆಯ ಸಮೇತ ಇಡಿ. ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುಂಡನ್ನು ಎಸೆಯದೆ ಬೇರೆ ಎತ್ತಿಡಿ. ಪ್ರತಿ ಭಾನುವಾರ ಮೊಮ್ಮಗಳು ಚೀಟಿ ಓದಲಿ, ಅಜ್ಜಿ ತುಂಬಲಿ, ಮನೆಯ ಇನ್ನೊಬ್ಬರು ತಾಳೆ ನೋಡಲಿ. ಬ್ಯಾಂಕಿನಲ್ಲೂ ಒಬ್ಬರು ಎಣಿಸಿದ ಕಂತೆಯನ್ನು ಇನ್ನೊಬ್ಬರು ಎಣಿಸುತ್ತಿದ್ದರು. ಗೂಡು ಎಳೆಯ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ.

ಫೋನಿನ ಪಕ್ಕದ ಫಲಕ

ಮತ್ತೊಂದು ಲಗ್ನಪತ್ರಿಕೆ ತೆಗೆದುಕೊಳ್ಳಿ. ಅದರ ಖಾಲಿ ಬೆನ್ನಿಗೆ ಬಣ್ಣದ ಅಂಚು ಬಿಡಿಸಿ, ಮೇಲೆ ತೂತು ಮಾಡಿ ದಾರ ಕಟ್ಟಿ. ಅದರ ಮೇಲೆ ಹೀಗೆ ಬರೆಯಿರಿ:

ಒಟಿಪಿ, ಪಿನ್ ಯಾರಿಗೂ ಹೇಳಬೇಡಿ, ಬ್ಯಾಂಕಿನವರು ಎಂದರೂ ಹೇಳಬೇಡಿ.
ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ.
ಫೋನಿನಲ್ಲೇ ಬಂಧಿಸುವ “ಡಿಜಿಟಲ್ ಅರೆಸ್ಟ್” ಎಂಬುದು ಕಾನೂನಿನಲ್ಲಿ ಇಲ್ಲ.
ಹಣ ಹೋದರೆ ತಕ್ಷಣ 1930. ತುರ್ತಿಗೆ 112. ಆಂಬುಲೆನ್ಸ್ 108.

ಪಿಂಚಣಿಯವರ ಒಂದು ಜೀವಮಾನದ ಉಳಿತಾಯ ಒಂದೇ ಫೋನ್ ಕರೆಯಲ್ಲಿ ಹೋಗಬಹುದು. ಆಚೆಯವನು ಗಾಬರಿ ಹುಟ್ಟಿಸುತ್ತಾನೆ, ಗಾಬರಿಯಲ್ಲಿ ಬುದ್ಧಿ ಓಡುವುದಿಲ್ಲ. ಕಣ್ಣೆದುರಿಗೆ ಮೊಮ್ಮಗನ ಅಕ್ಷರ ಇದ್ದರೆ ಓಡುತ್ತದೆ. 1930ಕ್ಕೆ ಎಷ್ಟು ಬೇಗ ದೂರು ಹೋಗುತ್ತದೋ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಮಕ್ಕಳೇ, ಫಲಕ ತೂಗುಹಾಕಿದ ಮೇಲೆ ನೀವೇ ಕಳ್ಳನ ದನಿಯಲ್ಲಿ ಅಜ್ಜನಿಗೆ ಫೋನ್ ಮಾಡುವ ಆಟ ಆಡಿ. ಅಜ್ಜ ಸೋಲಬಾರದು!

ಗರಿಯ ಪೀಪಿ, ಚಿಪ್ಪಿನ ನೀರು

ತೋಟದ ತೆಂಗಿನ ಹಸಿರು ಗರಿಯಿಂದ ಕಡ್ಡಿ ಬಿಡಿಸಿ. ಸಿಕ್ಕಿದ ಪಟ್ಟಿಯನ್ನು ಕಿರುಬೆರಳ ಗಾತ್ರದಲ್ಲಿ ಸುತ್ತಲು ಶುರು ಮಾಡಿ, ಪ್ರತಿ ಸುತ್ತೂ ಹಿಂದಿನದರ ಅರ್ಧದ ಮೇಲೆ ಬರುವಂತೆ ಓರೆಯಾಗಿ ಸುತ್ತುತ್ತ ಹೋಗಿ. ಕೊಳವೆ ನಾದಸ್ವರದ ಹಾಗೆ ಅಗಲವಾಗುತ್ತದೆ. ಕೊನೆಗೆ ಜಾಲಿ ಮುಳ್ಳು ಚುಚ್ಚಿ ನಿಲ್ಲಿಸಿ, ಸಣ್ಣ ತುದಿಯನ್ನು ಹಲ್ಲಿನಿಂದ ಮೆಲ್ಲಗೆ ಚಪ್ಪಟೆ ಮಾಡಿ ಊದಿ. ಅಜ್ಜನ ನಿದ್ದೆಯ ಹೊತ್ತು ಬಿಟ್ಟು ಊದಿ! ಇದು ಮನೆಗೆ ಏನು ಬೇಕಾಗಿತ್ತು ಎಂದು ಕೇಳಬೇಡಿ, ಸದ್ದೂ ಮನೆಗೆ ಬೇಕು. ಬಿಡಿಸಿದ ಕಡ್ಡಿಗಳನ್ನು ಎಸೆಯಬೇಡಿ, ಕಂತೆ ಕಟ್ಟಿದರೆ ಪೊರಕೆ.

ತೆಂಗಿನ ಚಿಪ್ಪಿನ ಅಂಚಿಗೆ ದೊಡ್ಡವರು ಕಾದ ಮೊಳೆಯಿಂದ ಮೂರು ತೂತು ಮಾಡಿಕೊಡಲಿ. ದಾರ ಕಟ್ಟಿ ನೆರಳಿನ ಕೊಂಬೆಗೆ ತೂಗಿ, ಹಕ್ಕಿಗೆ ನೀರು ತುಂಬಿ. ನೀರನ್ನು ದಿನವೂ ಚೆಲ್ಲಿ ಬದಲಿಸಿ. ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಬೆಳೆಯುತ್ತದೆ.

ಅಡುಗೆಮನೆಯ ಕಿವಿಮಾತು

* ಒಡೆದ ತೆಂಗಿನಕಾಯಿಯಲ್ಲಿ ಕಣ್ಣಿರುವ ಹೋಳನ್ನು ಮೊದಲು ಬಳಸಿ, ಅದು ಬೇಗ ಕೆಡುತ್ತದೆ. ಇನ್ನೊಂದಕ್ಕೆ ಒಳಗೆ ಉಪ್ಪು ಸವರಿಡಿ.
* ಕೊಳವೆ ಬಾವಿಯ ಗಡಸು ನೀರಿನಿಂದ ಪಾತ್ರೆ, ನಲ್ಲಿಗೆ ಬಿಳಿ ಕಲೆ ಕಟ್ಟಿದರೆ ಹಿಂಡಿದ ನಿಂಬೆ ಸಿಪ್ಪೆಯಿಂದ ಉಜ್ಜಿ. ಆ ಕಲೆ ಸುಣ್ಣದ ಜಾತಿಯದು, ಹುಳಿಗೆ ಕರಗುತ್ತದೆ.
* ರವೆಯನ್ನು ಬೆಚ್ಚಗೆ ಹುರಿದು, ಆರಿಸಿ ತುಂಬಿದರೆ ಬೇಗ ಹುಳು ಬೀಳದು. ಕಾಳುಗಳ ಡಬ್ಬಿಗೆ ಒಣಗಿದ ಬೇವಿನೆಲೆ ಹಾಕಿ.
* ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕಿದರೆ ತೇವ ಹೀರಿಕೊಳ್ಳುತ್ತವೆ.
* ಅಕ್ಕಿ ತೊಳೆದ ನೀರು ದನಕ್ಕೆ ಕಲಗಚ್ಚು, ದನವಿಲ್ಲದಿದ್ದರೆ ಕರಿಬೇವಿನ ಗಿಡಕ್ಕೆ.

ಅಜ್ಜಿಯ ಹಿಡಿ ಎಷ್ಟು ಗ್ರಾಂ?

ಕೊನೆಯ ಕೆಲಸಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ ಬೇಕು. ಖಾಲಿ ಬೆನ್ನು ಮೇಲೆ ಬರುವಂತೆ ಮಡಚಿ, ಕತ್ತರಿಸಿ, ನಡುವೆ ಸೂಜಿದಾರದಿಂದ ಹೊಲಿದರೆ ಪುಸ್ತಕ. ಇದರಲ್ಲಿ ಅಜ್ಜಿಯ ಅಡುಗೆ ಬರೆಯಬೇಕು.

ತೊಡಕು ಇಲ್ಲೇ ಇದೆ. ಸಾರಿನ ಪುಡಿಗೆ ಧನಿಯ ಎಷ್ಟು ಎಂದರೆ ಅಜ್ಜಿ “ಒಂದು ಹಿಡಿ” ಎನ್ನುತ್ತಾರೆ. ಮೆಣಸಿನಕಾಯಿ? “ಕಣ್ಣಂದಾಜು.” ಎಷ್ಟು ಹೊತ್ತು ಹುರಿಯಬೇಕು? “ಘಮ್ ಅನ್ನುವವರೆಗೆ.” ಅಜ್ಜಿಯ ಕೈಯಲ್ಲಿ ತಪ್ಪದ ಈ ಅಳತೆ ಅಜ್ಜಿಯ ಕೈಯ ಜೊತೆಗೇ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ “ಅಮ್ಮ ಮಾಡುತ್ತಿದ್ದ ಪುಡಿಯ ರುಚಿ ಬರುತ್ತಿಲ್ಲ” ಎಂದು ಅರವತ್ತು ದಾಟಿದವರೂ ಹೇಳುವುದನ್ನು ನೀವು ಕೇಳಿರುತ್ತೀರಿ.

ಆದ್ದರಿಂದ ಅಜ್ಜಿ ಪುಡಿ ಮಾಡುವ ದಿನ ಪಕ್ಕದಲ್ಲಿ ಕೂರಿ. ಅವರು ಹಿಡಿ ತುಂಬಿದ್ದನ್ನು ಬಾಣಲೆಗೆ ಹಾಕುವ ಮೊದಲು ತಟ್ಟೆಗೆ ಹಾಕಿಸಿ ತೂಗಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಚಮಚದಲ್ಲಿ ಎಣಿಸಿ. ಮೆಣಸಿನಕಾಯಿ ಲೆಕ್ಕ ಹಾಕಿ. ಗಡಿಯಾರ ನೋಡಿ ಹುರಿದ ನಿಮಿಷ ಬರೆಯಿರಿ. ಮೂರು ಸಲ ತೂಗಿ ಸರಾಸರಿ ತೆಗೆಯಿರಿ, ಶಾಲೆಯ ಗಣಿತಕ್ಕೂ ಕೆಲಸ ಸಿಕ್ಕಿತು. ಕೆಳಗೆ ತಾರೀಖು ಹಾಕಿ ಅಜ್ಜಿಯ ಸಹಿ ತೆಗೆದುಕೊಳ್ಳಿ, ಸಹಿ ಬಾರದಿದ್ದರೆ ಹೆಬ್ಬೆಟ್ಟಾದರೂ ಸರಿ. ಆಮೇಲೆ ಅದೇ ಬರಹ ನೋಡಿಕೊಂಡು ನೀವೇ ಒಂದು ಸಲ ಪುಡಿ ಮಾಡಿ. ಅಜ್ಜಿ ತಿಂದು “ಹೂಂ, ಇದೇ” ಎಂದರೆ ಪುಟ ಪಾಸಾಯಿತು, ಮುಂದಿನ ಅಡುಗೆಗೆ ಹೋಗಬಹುದು.