ಮೂರು ಮಿಲಿಮೀಟರ್ ದುಂಬಿ, ಒಂದು ಪೊಟ್ಟಣ ಬ್ಯಾಡಗಿ ಮೆಣಸಿನಕಾಯಿ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಎಪಿಎಂಸಿಗೆ ಒಂದೇ ದಿನಕ್ಕೆ ಲಕ್ಷಕ್ಕೂ ಮೀರಿ ಚೀಲ ಮೆಣಸಿನಕಾಯಿ ಬಂದು ಬೀಳುತ್ತದೆ. ಅದರಲ್ಲಿ ಒಂದು ಹಿಡಿಯನ್ನು ಪೊಟ್ಟಣ ಕಟ್ಟಿಕೊಂಡು ಹಡಗಿನ ನೌಕರನೊಬ್ಬ ಆಸ್ಟ್ರೇಲಿಯಾದ ಬಂದರಿನಲ್ಲಿ ಇಳಿಯಲು ಹೊರಟರೆ, ಆ ದೇಶದ ಕಾನೂನು ಅವನ ಪೊಟ್ಟಣವನ್ನು ಒಳಗೆ ಬಿಡುವುದಿಲ್ಲ. 2020ರ ಅಕ್ಟೋಬರ್‌ನಿಂದ ಪ್ರಯಾಣಿಕರಾಗಲಿ ಹಡಗಿನ ಸಿಬ್ಬಂದಿಯಾಗಲಿ ಬ್ಯಾಗಿನಲ್ಲಿ ತರಬಾರದ ವಸ್ತುಗಳ ಪಟ್ಟಿಗೆ ಒಣಮೆಣಸಿನಕಾಯಿಯೂ ಸೇರಿದೆ. ಜೊತೆಗೆ ಅಕ್ಕಿ, ಕಡಲೆ, ಹೆಸರು, ತೊಗರಿ, ಶೇಂಗಾ, ಜೀರಿಗೆ, ಕೊತ್ತಂಬರಿ ಬೀಜ, ಕುಸುಬಿ. ಹಾವೇರಿ ಸೀಮೆಯ ಯಾವುದೇ ಅಡುಗೆಮನೆಯ ಡಬ್ಬಿಗಳ ಸಾಲನ್ನು ನೋಡಿ ಬರೆದಂತಿದೆ ಆ ಪಟ್ಟಿ.

ಇಷ್ಟಕ್ಕೆಲ್ಲ ಕಾರಣ ಖಪ್ರಾ ದುಂಬಿ. ಉದ್ದ ಹೆಚ್ಚೆಂದರೆ 3 ಮಿಲಿಮೀಟರ್. ಉದ್ದನೆಯ ಬ್ಯಾಡಗಿ ಕಡ್ಡಿ ಕಾಯಿಯ ಮೇಲೆ ತೊಟ್ಟಿನಿಂದ ತುದಿಯವರೆಗೆ ಸಾಲಾಗಿ ನಿಲ್ಲಿಸಿದರೆ ನಲವತ್ತಕ್ಕೂ ಹೆಚ್ಚು ದುಂಬಿ ಹಿಡಿಯುತ್ತವೆ. ಇದರ ಮೂಲ ನಮ್ಮ ಭಾರತ ಉಪಖಂಡವೇ ಎನ್ನುತ್ತಾರೆ. ರೆಕ್ಕೆ ಇದೆ, ಆದರೆ ಹಾರುವುದಿಲ್ಲ. ಹಾರಲಾರದ ಈ ಹುಳು ಸಮುದ್ರ ದಾಟಿದ್ದು ನಮ್ಮ ಚೀಲ, ನಮ್ಮ ಕಂಟೇನರ್, ನಮ್ಮ ಬ್ಯಾಗಿನೊಳಗೆ ಕೂತು.

ಒಂದು ಹೆಣ್ಣು 50ರಿಂದ 100 ಮೊಟ್ಟೆ ಇಡುತ್ತದೆ. ಬೇಸಿಗೆಯ ಸೆಕೆಯಲ್ಲಿ ಒಂದು ತಲೆಮಾರು ತಿಂಗಳೊಳಗೇ ಮುಗಿಯಬಲ್ಲದು. ಕಡಿಮೆಯದನ್ನೇ ಹಿಡಿಯೋಣ: 50 ಮೊಟ್ಟೆ, ಅದರಲ್ಲಿ ಅರ್ಧ ಹೆಣ್ಣು. ಎಲ್ಲವೂ ಬದುಕಿದರೆ ಒಂದು ಹೆಣ್ಣಿನಿಂದ 25, ಆಮೇಲೆ 625, ಆಮೇಲೆ 15,625, ನಾಲ್ಕನೆಯ ತಲೆಮಾರಿಗೆ 3,90,625. ಐದನೆಯದಕ್ಕೆ 97,65,625. ಎಲ್ಲವೂ ಬದುಕುವುದಿಲ್ಲ, ನಿಜ. ಆದರೆ ಗೋದಾಮಿನ ಕಾಳಿನ ರಾಶಿಯಲ್ಲಿ ತಿನ್ನಲು ಬೇಕಾದಷ್ಟಿರುತ್ತದೆ, ತಡೆಯುವ ಶತ್ರು ಕಡಿಮೆ. ಕಾಳು ಸಿಗದಿದ್ದರೂ ಅದರ ಮರಿಹುಳು ಸಾಯುವುದಿಲ್ಲ. ಗೋಡೆಯ ಬಿರುಕಿನಲ್ಲೋ ಕಂಟೇನರಿನ ಹಲಗೆಯ ಸಂದಿಯಲ್ಲೋ ಹೊಕ್ಕು, ಉಣ್ಣದೆ ವರ್ಷಗಟ್ಟಲೆ ನಿದ್ದೆ ಹೋಗುತ್ತದೆ. ಮತ್ತೆ ಕಾಳಿನ ವಾಸನೆ ಬಡಿದಾಗ ಏಳುತ್ತದೆ. ಅದನ್ನು ಕೊಲ್ಲಲು ಆಸ್ಟ್ರೇಲಿಯಾ ನಿಗದಿ ಮಾಡಿರುವ ಪ್ರಮಾಣ ಘನ ಮೀಟರಿಗೆ 80 ಗ್ರಾಂ ಮೀಥೈಲ್ ಬ್ರೋಮೈಡ್ ವಿಷಾನಿಲ, 48 ತಾಸು. ಇಲ್ಲವೆಂದರೆ ಮೂರು ತಾಸು ಬಿಡದೆ 60 ಡಿಗ್ರಿ ಸೆಲ್ಸಿಯಸ್ ಶಾಖ.

ಅಮೆರಿಕ ಇದರ ಬೆಲೆ ತೆತ್ತು ಕಲಿತಿದೆ. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ದುಂಬಿ ಕಾಣಿಸಿಕೊಂಡಿತು. ಇಡೀ ಗೋದಾಮುಗಳಿಗೆ ತಾಡಪಾಲು ಹೊದಿಸಿ ಹೊಗೆ ಹಾಕುತ್ತ ಅದನ್ನು ಅಳಿಸಲು 1960ರ ದಶಕದ ನಡುವಿನವರೆಗೆ ಹಿಡಿಯಿತು. ಖರ್ಚು ಆ ಕಾಲದ ಕೋಟಿ ಡಾಲರಿಗೂ ಮೇಲೆ. ಆಸ್ಟ್ರೇಲಿಯಾದ ಅಂದಾಜು ಇನ್ನೂ ದೊಡ್ಡದು. ಖಪ್ರಾ ಅಲ್ಲಿ ಬೇರು ಬಿಟ್ಟರೆ 20 ವರ್ಷಗಳಲ್ಲಿ ಆಗುವ ನಷ್ಟ 1,550 ಕೋಟಿ ಆಸ್ಟ್ರೇಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ ₹80,000 ಕೋಟಿಗೂ ಹೆಚ್ಚು. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಆಮದಾದ ಫ್ರಿಜ್ ಒಂದರ ಪ್ಯಾಕಿಂಗ್‌ನಲ್ಲೇ ಅದು ಸಿಕ್ಕಿತ್ತು. ಕಾಳಿಗೆ ಸಂಬಂಧವೇ ಇಲ್ಲದ ಫ್ರಿಜ್ಜಿನಲ್ಲೂ ಬರುವುದಾದರೆ, ಕಾಳು ತುಂಬಿದ ಬ್ಯಾಗನ್ನು ಯಾರು ನಂಬುತ್ತಾರೆ?

ಅಂಥ ಬ್ಯಾಗುಗಳೆಷ್ಟು? 2021ರ ಒಂದು ಅಂದಾಜಿನಂತೆ ಜಗತ್ತಿನ ವ್ಯಾಪಾರಿ ಹಡಗುಗಳಲ್ಲಿ ದುಡಿಯುವವರು ಸುಮಾರು 18.9 ಲಕ್ಷ. ಅಂತರರಾಷ್ಟ್ರೀಯ ನಿಯಮದಂತೆ ಯಾರನ್ನೂ ಒಂದು ವರ್ಷಕ್ಕಿಂತ ಹೆಚ್ಚು ಸತತವಾಗಿ ಹಡಗಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಬ್ಬೊಬ್ಬರು ವರ್ಷಕ್ಕೊಮ್ಮೆ ಇಳಿದರೂ ಹತ್ತೊಂಬತ್ತು ಲಕ್ಷದ ಹತ್ತಿರ ಬ್ಯಾಗು ದಡ ಸೇರುತ್ತವೆ. ಆಸ್ಟ್ರೇಲಿಯಾ ಪ್ರತಿ ಹಡಗಿನಿಂದ, ಬಂದರು ಮುಟ್ಟುವ 96ರಿಂದ 12 ತಾಸು ಮೊದಲೇ, ವರದಿ ಕೇಳುತ್ತದೆ. ಹಡಗಿನ ಅಡುಗೆಯವನು ಬ್ಯಾಡಗಿ ಖಾರ ಹಾಕಿ ಸಾರು ಮಾಡಬಹುದು, ಹಡಗಿನಲ್ಲೇ ಉಣ್ಣಬಹುದು. ಆ ಖಾರ ಏಣಿ ಇಳಿಯಬಾರದು. ಇಳಿಯುವವನು ಬ್ಯಾಗಿನಲ್ಲಿ ತಿನಿಸು, ಬೀಜ, ಮಣ್ಣು ಮೆತ್ತಿದ ಬೂಟು ಏನೇ ಇದ್ದರೂ ಹೇಳಿಯೇ ಇಳಿಯಬೇಕು.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಬೀಜೋತ್ಪಾದನೆ ಬಲ್ಲವರಿಗೆ ಈ ಬಿಗಿಯ ಅರ್ಥ ಬೇಗ ಆಗುತ್ತದೆ. ಅಲ್ಲಿ ಹೆಣ್ಣುಮಕ್ಕಳು ಚಿಮಟ ಹಿಡಿದು ಒಂದೊಂದೇ ಹೂವಿನ ಗಂಡುಭಾಗ ಕಿತ್ತು, ಮರುದಿನ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುತ್ತಾರೆ. ಟೊಮೆಟೊ ಬೀಜವಾದರೆ ಒಂದು ಗ್ರಾಂಗೆ ಸುಮಾರು 300 ಕಾಳು. ಹತ್ತು ಗ್ರಾಂ ಜೇಬಿನಲ್ಲಿದ್ದರೆ 3,000 ಗಿಡ ಜೇಬಿನಲ್ಲಿವೆ. ಬೀಜಕ್ಕೆ ರೋಗವಿದ್ದರೆ ಆ ರೋಗವೂ ಜೊತೆಗಿದೆ. ಸಸ್ಯ ಆರೋಗ್ಯ ಪ್ರಮಾಣಪತ್ರ ಪಡೆದು ಹೋಗುವ ವ್ಯಾಪಾರದ ಬೀಜಕ್ಕೆ ದಾರಿ ತೆರೆದೇ ಇದೆ. ಮುಚ್ಚಿರುವುದು ಜೇಬಿನ ದಾರಿ.

ಬೇರೆ ದೇಶದವರು ನಮ್ಮ ಕಾಯಿಯನ್ನು ಕೀಳಾಗಿ ಕಂಡರು ಎಂದು ನೊಂದುಕೊಳ್ಳುವ ಮೊದಲು ನಮ್ಮ ಹೊಲಗಳನ್ನೇ ನೋಡಬೇಕು. 1950ರ ದಶಕದಲ್ಲಿ ಹಡಗೇರಿ ಬಂದ ಗೋಧಿಯ ಜೊತೆ ಬಂತೆನ್ನುವ ಕಾಂಗ್ರೆಸ್ ಗಿಡ ಇಂದು ಹಾವೇರಿಯ ಯಾವ ಬದುವನ್ನೂ ಬಿಟ್ಟಿಲ್ಲ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅಮೆರಿಕ ಖಂಡದ ಸೈನಿಕ ಹುಳು 2016ರಲ್ಲಿ ಆಫ್ರಿಕದಲ್ಲಿ ಪತ್ತೆಯಾಯಿತು. 2018ರ ಮೇ ತಿಂಗಳಲ್ಲಿ, ಭಾರತದಲ್ಲೇ ಮೊದಲ ಸಲ, ಶಿವಮೊಗ್ಗದ ಗೋವಿನಜೋಳದಲ್ಲಿ ಕಂಡಿತು. ಅದರ ಪತಂಗ ಒಂದು ರಾತ್ರಿಯಲ್ಲಿ 100 ಕಿಲೋಮೀಟರ್ ಹಾರಬಲ್ಲದು. ಶಿವಮೊಗ್ಗದಿಂದ ರಾಣೆಬೆನ್ನೂರಿಗೆ ಅಷ್ಟು ದೂರವೂ ಇಲ್ಲ. ಸುಮಾರು ಎರಡು ಲಕ್ಷ ಹೆಕ್ಟೇರ್‌ನಲ್ಲಿ ಗೋವಿನಜೋಳ ಬಿತ್ತುವ ಹಾವೇರಿ ಜಿಲ್ಲೆಯ ರೈತ ಸುಳಿಯೊಳಗೆ ಲದ್ದಿ ತುಂಬಿದ್ದನ್ನು ಕಂಡು ಎಣ್ಣೆ ಹೊಡೆಯುತ್ತ ನಿಂತ. 2021ರಲ್ಲಿ ಆಗ್ನೇಯ ಏಷ್ಯಾದ ಕಪ್ಪು ಥ್ರಿಪ್ಸ್, ಮಿಲಿಮೀಟರ್ ಗಾತ್ರದ್ದು, ಮೆಣಸಿನ ಹೂವಿಗೇ ಬಿತ್ತು. ಇವೆಲ್ಲ ಯಾವ ದಾರಿಯಿಂದ ಒಳಗೆ ಬಂದವು ಎಂದು ಬೆರಳಿಟ್ಟು ತೋರಿಸುವುದು ಕಷ್ಟ; ಬಂದ ಮೇಲೆ ದುಡ್ಡು ತೆತ್ತವರು ಯಾರೆಂದು ಹೇಳುವುದು ಕಷ್ಟವಲ್ಲ.

ಆದ್ದರಿಂದ ಬ್ಯಾಗಿನಲ್ಲಿ ಏನಿದೆ ಎಂದು ಇಳಿಯುವ ಮುನ್ನ ಹೇಳುವ ಆ ಘೋಷಣೆಯ ಫಾರಂ ನಮ್ಮ ರೈತನ ಪರವಾಗಿಯೂ ಇದೆ. ನಮ್ಮ ನವಮಂಗಳೂರು, ಮರ್ಮಗೋವಾ ಬಂದರುಗಳಲ್ಲೂ ಅಷ್ಟೇ ಬಿಗಿ ಇರಲಿ ಎಂದು ನಾವು ಕೇಳಬೇಕು. ಮನೆಯ ಮಗ ಹಡಗಿನ ಕೆಲಸಕ್ಕೆ ಹೊರಟಿದ್ದರೆ ಕಾಳು, ಬೀಜ, ಮೆಣಸಿನಕಾಯಿ ಕಟ್ಟಿಕೊಡುವ ಮುನ್ನ ಅವನು ಇಳಿಯುವ ದೇಶದ ಪಟ್ಟಿ ನೋಡಿ. ಮರೆತು ಒಯ್ದಿದ್ದರೆ ಫಾರಂನಲ್ಲಿ ‘ಇದೆ’ ಎಂದೇ ಬರೆಯಲಿ. ಹೇಳಿದವನ ಪೊಟ್ಟಣ ಹೋಗಬಹುದು, ದಂಡ ಬೀಳುವುದು ಬಚ್ಚಿಟ್ಟವನಿಗೆ.