ಭೂತಾನಕ್ಕೆ ಹೊರಡುವ ಮುನ್ನ



ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ಅಡಿಕೆಯ ಧಾರಣೆಗಿಂತ ಹೆಚ್ಚಾಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಭೂತಾನಕ್ಕೆ ಹೋಗಿ ಬಂದಿರಂತೆ, ಹೋಗುವುದು ಹೇಗೆ?’ ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವುದಕ್ಕಿಂತ ನಮ್ಮ ಪತ್ರಿಕೆಯಲ್ಲೇ ಬರೆಯುವುದು ಲೇಸೆಂದು ತೋರಿತು. ಗುಡಿ ಗೋಪುರಗಳ ವರ್ಣನೆಯನ್ನು ಬಿಟ್ಟಿದ್ದೇನೆ. ಹೊರಡುವ ಸಿದ್ಧತೆಯ ವಿಚಾರವಷ್ಟೇ ಇಲ್ಲಿದೆ. ಆ ಸಿದ್ಧತೆಯಲ್ಲಿ ನನ್ನಿಂದಲೇ ಒಂದು ದೊಡ್ಡ ತಪ್ಪಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ನಾವು ಹೊರಟದ್ದು 2024ರ ಮೇ ತಿಂಗಳಲ್ಲಿ, ಹನ್ನೊಂದು ಜನ. ಆರು ಮಂದಿ ನಮ್ಮ ಕಡೆಯ ತೋಟಗಾರರು. ಉಳಿದ ಐವರು ವಿಜಯಪುರ ಜಿಲ್ಲೆಯವರು. ನನ್ನ ಅಕ್ಕನನ್ನು ಕೊಟ್ಟಿರುವುದು ತಿಕೋಟಾಕ್ಕೆ. ಭಾವನವರದು ದ್ರಾಕ್ಷಿ ತೋಟ. ಅವರಿಬ್ಬರ ಜೊತೆಗೆ ವಿಜಯಪುರ ಪಟ್ಟಣದಲ್ಲಿರುವ ಅವರ ಮಗ, ಮತ್ತು ಬಬಲೇಶ್ವರದ ಬೀಗರಾದ ಹಿರಿಯ ದಂಪತಿಗಳು ಸೇರಿಕೊಂಡರು.

ಮೊದಲ ತೊಡಕು ಬಂದದ್ದು ತಿಂಗಳು ಗೊತ್ತುಮಾಡುವುದರಲ್ಲಿ. ಭೂತಾನಕ್ಕೆ ಹೋಗಲು ಮಾರ್ಚಿಯಿಂದ ಮೇವರೆಗೆ, ಇಲ್ಲವೇ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಜೋರು, ಗುಡ್ಡ ಕುಸಿದು ರಸ್ತೆ ಕಟ್ಟುತ್ತದೆ. ಆದರೆ ಅಕ್ಟೋಬರಿನಲ್ಲಿ ತಿಕೋಟಾದವರಿಗೆ ದ್ರಾಕ್ಷಿಯ ಚಾಟ್ನಿ, ನಮಗೆ ಅಡಿಕೆ ಕೊಯ್ಲು, ಅದರ ಬೆನ್ನಿಗೇ ಅರೇಬಿಕಾ ಹಣ್ಣು. ಮಾರ್ಚಿಯಲ್ಲಿ ಅವರ ಒಣದ್ರಾಕ್ಷಿ ಶೆಡ್ಡಿನಲ್ಲಿ, ನಮ್ಮ ಕಣ್ಣು ಹೂಮಳೆಯ ಮೇಲೆ. ಎರಡು ಸೀಮೆಯವರ ಕೆಲಸವನ್ನೂ ತಿಕೋಟಾದ ಮನೆಯ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದಾಗ ಉಳಿದದ್ದು ಮೇ ಮೊದಲ ಹದಿನೈದು ದಿನ ಮಾತ್ರ. ಅವರ ಏಪ್ರಿಲ್ ಚಾಟ್ನಿ ಮುಗಿದಿರುತ್ತದೆ, ನಮ್ಮ ಬೋರ್ಡೋ ಸಿಂಪಡಣೆ ಇನ್ನೂ ಶುರುವಾಗಿರುವುದಿಲ್ಲ. ನೀವೂ ಈ ಹದಿನೈದು ದಿನವನ್ನೇ ಹಿಡಿಯಿರಿ. ಸಂಜೆ ಒಂದೆರಡು ಮಳೆ ಬಿದ್ದರೂ ಅಡ್ಡಿಯಿಲ್ಲ.

ಇನ್ನು ದಾರಿ. ವಿಜಯಪುರದವರು ರೈಲಿನಲ್ಲಿ ಗದಗಕ್ಕೆ ಬಂದರು, ನಾವು ಹುಬ್ಬಳ್ಳಿಯಲ್ಲಿ ಹತ್ತಿದೆವು. ವಾಸ್ಕೋದಿಂದ ಹೌರಾ ಕಡೆಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಎರಡೂ ಕಡೆ ನಿಲ್ಲುತ್ತದೆ. ಅದು ದಿನವೂ ಇರುವ ಗಾಡಿಯಲ್ಲವಾದ್ದರಿಂದ ವಾರ ನೋಡಿಕೊಂಡು ಟಿಕೆಟ್ ಮಾಡಿಸಬೇಕು. ಹೌರಾದಲ್ಲಿ ಇಳಿದವರು ಮುಂದಿನ ಗಾಡಿಗೆ ಹೂಗ್ಲಿ ನದಿ ದಾಟಿ ಸಿಯಾಲ್ದಾ ನಿಲ್ದಾಣಕ್ಕೆ ಹೋಗಬೇಕು. ಆದ್ದರಿಂದ ಕಲಕತ್ತೆಯಲ್ಲಿ ಒಂದು ಇಡೀ ದಿನ ಬಿಡುವು ಇಟ್ಟುಕೊಳ್ಳಿ. ಸಿಯಾಲ್ದಾದಿಂದ ರಾತ್ರಿ ಹೊರಡುವ ಕಾಂಚನಕನ್ಯಾ ಎಕ್ಸ್‌ಪ್ರೆಸ್ಸಿನಲ್ಲಿ ಹಾಸಿಮಾರಾದಲ್ಲಿ ಇಳಿದರೆ ಗಡಿಯ ಊರು ಜೈಗಾಂವ್ ಸುಮಾರು 20 ಕಿ.ಮೀ. ಜೈಗಾಂವಿನ ಗೇಟಿನ ಆಚೆಗೇ ಭೂತಾನದ ಫುಂಟ್ಶೋಲಿಂಗ್ ಪಟ್ಟಣ. ದುಡ್ಡು ಹೆಚ್ಚಾದರೂ ಚಿಂತೆಯಿಲ್ಲ ಎನ್ನುವವರು ಕಲಕತ್ತೆ ಅಥವಾ ಬಾಗ್ಡೋಗ್ರಾದಿಂದ ವಿಮಾನದಲ್ಲಿ ನೇರ ಪಾರೊಗೆ ಹೋಗಬಹುದು.

ಈಗ ಕಾಗದಪತ್ರ. ಇದನ್ನು ಎರಡು ಸಲ ಓದಿರಿ. ಭಾರತೀಯರಿಗೆ ಭೂತಾನಕ್ಕೆ ವೀಸಾ ಬೇಡ, ಪರ್ಮಿಟ್ ಬೇಕು. ಪರ್ಮಿಟ್ ಸಿಗಬೇಕಾದರೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇರಬೇಕು. ಆಧಾರ್ ಕಾರ್ಡು ಇದಕ್ಕೆ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲದ ಮಕ್ಕಳಿಗೆ ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರ ಬೇಕು. ಉಳಿದುಕೊಳ್ಳುವ ಹೋಟೆಲಿನ ಬುಕಿಂಗ್ ಕಾಗದವನ್ನೂ ಕೇಳುತ್ತಾರೆ.

ನಾನು ಎಲ್ಲರಿಗೂ ಕಳಿಸಿದ ಪಟ್ಟಿಯಲ್ಲಿ ‘ಗುರುತಿನ ಚೀಟಿ ತರತಕ್ಕದ್ದು’ ಎಂದಷ್ಟೇ ಬರೆದಿದ್ದೆ. ಯಾವ ಚೀಟಿ ಎಂದು ಬರೆಯಲಿಲ್ಲ. ಮೂವತ್ತು ವರ್ಷ ಸಂಘದ ಸುತ್ತೋಲೆ ಬರೆದ ಕೈ ಇದು! ಬಬಲೇಶ್ವರದ ತಾಯಿ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಹಾಕಿಸಿ ಭದ್ರವಾಗಿ ತಂದಿದ್ದರು. ಮತದಾರರ ಚೀಟಿ ಊರಲ್ಲಿ ಟ್ರಂಕಿನಲ್ಲಿತ್ತು. ಮಗನಿಂದ ಅದರ ಫೋಟೋವನ್ನು ಫೋನಿಗೆ ತರಿಸಿದೆವು, ಅದೂ ನಡೆಯಲಿಲ್ಲ. ಕೌಂಟರಿನವರು ಒರಟಾಗಿ ಮಾತಾಡಲಿಲ್ಲ. ಕ್ರಮ ಹೀಗೆ ಎಂದರು, ಅಷ್ಟೆ. ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, “ಸೆಕ್ರೆಟರಿ ಸಾಹೇಬ್ರ, ನೀವ್ ಹೋಗಿ ಬರ್ರಿ. ನಮ್ಮ ಸಲುವಾಗಿ ಯಾರೂ ನಿಲ್ಲಬ್ಯಾಡ್ರಿ” ಎಂದರು. ಅವರ ಕೈಯಲ್ಲಿ ಅವರ ಸ್ವಂತ ಚೀಟಿ ಇತ್ತು, ಅವರು ಬರಬಹುದಿತ್ತು. ಹೆಂಡತಿಯನ್ನು ಬಿಟ್ಟು ಬರಲಿಲ್ಲ. ಎರಡು ದಿನ ಜೈಗಾಂವಿನ ಲಾಡ್ಜಿನಲ್ಲಿದ್ದು, ಗೇಟಿನ ಆಚೆಗಿನ ಗುಡ್ಡ ನೋಡಿಕೊಂಡು, ಕಲಕತ್ತೆಯ ಮೇಲೆ ಊರಿಗೆ ಹಿಂದಿರುಗಿದರು. ಒಂಬತ್ತು ಜನ ಒಳಗೆ ಹೋದೆವು. ಮೊದಲ ದಿನ ನನಗೆ ಊಟ ಸೇರಲಿಲ್ಲ.

ಖರ್ಚಿನ ವಿಚಾರ. 2022ರ ಸೆಪ್ಟೆಂಬರಿನಿಂದ ಭಾರತೀಯರಿಗೂ ಒಂದು ರಾತ್ರಿಗೆ ತಲೆಗೆ 1,200 ರೂಪಾಯಿ ಶುಲ್ಕವಿದೆ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ. ಐದು ರಾತ್ರಿಗೆ ನಮ್ಮ ಒಂಬತ್ತು ಜನರಿಂದ 54,000 ರೂಪಾಯಿ ಇದಕ್ಕೇ ಹೋಯಿತು. ಹೋಟೆಲ್, ವಾಹನ, ಊಟ ಬೇರೆ. ಅಲ್ಲಿಯ ನಾಣ್ಯ ಙುಲ್ಟ್ರಮ್ ನಮ್ಮ ರೂಪಾಯಿಗೆ ಸಮ, ನಮ್ಮ ನೋಟೂ ಚಲಾವಣೆಯಾಗುತ್ತದೆ. ನೂರರ ನೋಟು ಹೆಚ್ಚಾಗಿಟ್ಟುಕೊಳ್ಳಿ. 2021ರಿಂದ ನಮ್ಮ ಯುಪಿಐ ಅಲ್ಲಿ ಜಾರಿಗೆ ಬಂದಿದೆ. ಆದರೂ ಬೆಟ್ಟದ ದಾರಿಯ ಚಹಾ ಅಂಗಡಿಯಲ್ಲಿ ಅದನ್ನೇ ನಂಬಿ ಕೂರಬೇಡಿ. ಗಡಿಯಾರವನ್ನು ಅರ್ಧ ಗಂಟೆ ಮುಂದಿಡುವುದನ್ನು ಮರೆಯಬೇಡಿ.

ಎತ್ತರದ ಬಗ್ಗೆ ನಮ್ಮವರಿಗೆ ತುಸು ಜಂಬವಿದೆ. ಗುಡ್ಡದಲ್ಲೇ ಹುಟ್ಟಿದವರು ನಾವು, ನಮಗೇನು ಎಂಬ ಭಾವನೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ತಿಂಫು ಪಟ್ಟಣದ ಪೇಟೆಬೀದಿಯೇ ಅದಕ್ಕಿಂತ ಸಾವಿರ ಅಡಿ ಮೇಲಿದೆ. ಪಾರೊದಿಂದ ಹೋಗುವ ಚೇಲೆ ಲಾ ಕಣಿವೆದಾರಿ ಸುಮಾರು 13,000 ಅಡಿ. ಫುಂಟ್ಶೋಲಿಂಗಿನಿಂದ ತಿಂಫುಗೆ ಸುಮಾರು 150 ಕಿ.ಮೀ. ತಿರುವಿನ ಮೇಲೆ ತಿರುವು, ಒಂದೇ ದಿನದಲ್ಲಿ ಆರು ಸಾವಿರ ಅಡಿಗೂ ಮಿಕ್ಕಿ ಏರುತ್ತೀರಿ. ಆದ್ದರಿಂದ ತಿಂಫುವಿನಲ್ಲಿ ಮೊದಲ ದಿನ ಸುಮ್ಮನೆ ಕುಳಿತಿರಿ, ನೀರು ಹೆಚ್ಚು ಕುಡಿಯಿರಿ, ಚೇಲೆ ಲಾ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ರಕ್ತದೊತ್ತಡ, ಉಬ್ಬಸ ಇರುವವರು ಹೊರಡುವ ಮೊದಲು ವೈದ್ಯರನ್ನು ಕಾಣಲೇಬೇಕು.

ಇಲ್ಲಿ ಭಾವನವರ ಒಂದು ಉಪಾಯ ಹೇಳಬೇಕು. ವಿಜಯಪುರದ ಸೀಮೆ ಅಂಗೈಯಷ್ಟು ಸಮತಟ್ಟು, ಹತ್ತಲು ಗುಡ್ಡವೆಲ್ಲಿ? ಅವರು ತಿಂಗಳಿಡೀ ವಾರಕ್ಕೆ ಎರಡು ಸಲ ಪಟ್ಟಣಕ್ಕೆ ಹೋಗಿ ಗೋಳಗುಮ್ಮಟದ ಏಳು ಅಂತಸ್ತಿನ ಮೂಲೆಗೋಪುರದ ಮೆಟ್ಟಿಲು ಹತ್ತಿ ಇಳಿದು ಕಾಲು ಪಳಗಿಸಿಕೊಂಡರು. ಪಾರೊ ಬಳಿಯ ಬಂಡೆಯ ಮೇಲಿನ ತಕ್ತ್ಸಂಗ್ ಮಠ ಸುಮಾರು 10,000 ಅಡಿಯಲ್ಲಿದೆ, ನಡೆದೇ ಹತ್ತಬೇಕು; ಕುದುರೆ ಅರ್ಧ ದಾರಿಗೆ ಮಾತ್ರ. ಭಾವನವರು ಮಠದ ಬಾಗಿಲು ಮುಟ್ಟಿದರು. ಮಲೆನಾಡಿನ ಇಬ್ಬರು ಅರ್ಧ ದಾರಿಯ ಕ್ಯಾಂಟೀನಿನಲ್ಲೇ ಕುಳಿತರು. ಅವರಲ್ಲಿ ಒಬ್ಬ ನಾನು.

ಊಟಕ್ಕೆ ಭಯವಿಲ್ಲ. ಮೆಣಸಿನಕಾಯಿಯನ್ನೇ ತರಕಾರಿಯಂತೆ ಚೀಸಿನಲ್ಲಿ ಬೇಯಿಸುವ ಎಮಾ ದಾತ್ಶಿ ಅಲ್ಲಿಯ ನಿತ್ಯದ ಪಲ್ಯ, ಜೊತೆಗೆ ಕೆಂಪಕ್ಕಿ ಅನ್ನ. ಅಕ್ಕ ಕಟ್ಟಿಕೊಂಡು ಬಂದಿದ್ದ ಜೋಳದ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ರೈಲಿನಲ್ಲೂ ಬೆಟ್ಟದಲ್ಲೂ ಕಾಪಾಡಿತು.

ಅಡಿಕೆ ಬೆಳೆಗಾರರು ಅಲ್ಲಿ ಇನ್ನೊಂದನ್ನು ನೋಡಲೇಬೇಕು. ಭೂತಾನದಲ್ಲಿ ವೀಳ್ಯಕ್ಕೆ ದೋಮಾ ಎನ್ನುತ್ತಾರೆ. ಮನೆಗೆ ಬಂದವರಿಗೆ ಕೊಡುವ ಮರ್ಯಾದೆ ಅದು. ಆದರೆ ಅವರು ಮೆಲ್ಲುವುದು ನಮ್ಮ ಚಾಲಿಯಲ್ಲ, ಕೆಂಪಡಿಕೆಯೂ ಅಲ್ಲ. ಹುದುಗು ಬಂದ ಹಸಿ ಅಡಿಕೆ, ವಾಸನೆ ಮಾರು ದೂರಕ್ಕೆ ಹೊಡೆಯುತ್ತದೆ. ಸಾಮ್ಚಿ ಮೊದಲಾದ ದಕ್ಷಿಣದ ತಗ್ಗು ಜಿಲ್ಲೆಗಳಲ್ಲಿ ಅದನ್ನು ಬೆಳೆಯುತ್ತಾರೆ. 2022ರಲ್ಲಿ ಕೇಂದ್ರ ಸರಕಾರ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯಿಲ್ಲದೆ ಜೈಗಾಂವ್ ಮೂಲಕ ತರಲು ಒಪ್ಪಿದಾಗ ನಮ್ಮಲ್ಲಿ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಹಸಿ ಅಡಿಕೆ ಒಣಗಿದರೆ ಎಷ್ಟು ಇಳಿಯುತ್ತದೆಂಬ ಲೆಕ್ಕ ನಿಮಗೇ ಗೊತ್ತು. ಆ ಹಸಿ ಅಡಿಕೆಗಿಂತ, ಅದರ ಹೆಸರು ಹೇಳಿಕೊಂಡು ಬೇರೆ ಕಡೆಯ ಒಣ ಅಡಿಕೆ ಒಳಗೆ ಬಂದೀತೆಂಬುದೇ ನನ್ನ ಆತಂಕ. ಒಂದು ಮಾತು: ಅಲ್ಲಿಂದ ಗೋಟಾಗಲಿ ಸಸಿಯಾಗಲಿ ಚೀಲದಲ್ಲಿ ಹಾಕಿಕೊಂಡು ಬರಬೇಡಿ. ಎಲೆಚುಕ್ಕಿ, ಹಳದಿ ರೋಗಗಳಲ್ಲೇ ನಮಗೆ ಸಾಕಾಗಿದೆ.

ಬಬಲೇಶ್ವರದ ದಂಪತಿಗಳು ಈಗ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾರೆ. ಬರುವ ಮೇ ತಿಂಗಳಲ್ಲಿ ಅವರನ್ನು ಕರೆದುಕೊಂಡು ಮತ್ತೊಮ್ಮೆ ಹೊರಡುವವನಿದ್ದೇನೆ. ಜೊತೆಗೆ ಬರುವ ಸದಸ್ಯರು ಜನವರಿ ಕೊನೆಯೊಳಗೆ ಸಂಘದ ಕಚೇರಿಯಲ್ಲಿ ಹೆಸರು ಕೊಡಬೇಕು. ಹೆಸರು ಬರೆಸಲು ಬರುವಾಗಲೇ ಮತದಾರರ ಚೀಟಿಯನ್ನೋ ಪಾಸ್‌ಪೋರ್ಟನ್ನೋ ಕೈಯಲ್ಲಿ ತನ್ನಿ. ಕಣ್ಣಾರೆ ನೋಡದೆ ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ.

— ಕಾರ್ಯದರ್ಶಿ