ದಾಳಿಂಬೆ: ಹಣ್ಣಿನಲ್ಲಿರುವುದೇನು, ಗುಳಿಗೆಯಲ್ಲಿರುವುದೇನು?

ಹಳ್ಳಿಯ ಮನೆಯ ಹಿತ್ತಿಲಲ್ಲಿ ಕರಿಬೇವು, ನುಗ್ಗೆಗಳ ಮಗ್ಗುಲಲ್ಲಿ ಒಂದು ದಾಳಿಂಬೆಯ ಗಿಡ ನಿಂತಿರುವುದು ಹಿಂದಿನ ತಲೆಮಾರಿನವರಿಗೆ ಸಾಮಾನ್ಯ ನೋಟವಾಗಿತ್ತು. ಮಗುವಿಗೆ ಹೊಟ್ಟೆ ಕೆಟ್ಟರೆ ಅಜ್ಜಿಯರು ಒಣಗಿಸಿಟ್ಟ ಸಿಪ್ಪೆಯನ್ನು ಕುದಿಸಿ ಕಷಾಯ ಮಾಡುತ್ತಿದ್ದರು. ಕರಾವಳಿ, ಮಲೆನಾಡುಗಳ ಅಡುಗೆಮನೆಯಲ್ಲಿ ಅದೇ ಸಿಪ್ಪೆ ಜೀರಿಗೆ, ಕಾಯಿತುರಿ, ಮಜ್ಜಿಗೆಗಳೊಡನೆ ಸೇರಿ ತಂಬುಳಿಯಾಗುತ್ತಿತ್ತು. ಊರು ಬಿಟ್ಟು ಹೊಟ್ಟೆಪಾಡಿಗೆಂದು ಮಹಾನಗರ ಸೇರಿದವರಿಗೆ ಆ ಹಣ್ಣು ಬೇರೆ ಬೇರೆ ಹೆಸರುಗಳಿಂದ ಎದುರಾಯಿತು. ಮುಂಬಯಿ, ಪುಣೆಗಳ ಮಾರುಕಟ್ಟೆಯಲ್ಲಿ ಅದು ಡಾಳಿಂಬ, ದೆಹಲಿಯಲ್ಲಿ ಅನಾರ್, ಚೆನ್ನೈಯಲ್ಲಿ ಮಾದುಳೈ, ಹೈದರಾಬಾದಿನಲ್ಲಿ ದಾನಿಮ್ಮ. ಹೆಸರು ಬದಲಾದರೂ ಕೆಂಪು ಕಾಳುಗಳ ರುಚಿ ಬದಲಾಗಲಿಲ್ಲ.

ಈಗ ಆ ಹಣ್ಣು ಇನ್ನೊಂದು ವೇಷ ತೊಟ್ಟು ಔಷಧದಂಗಡಿಯ ಕಪಾಟನ್ನು ಸೇರಿದೆ. ಸೀಸೆಯ ಮೇಲೆ ದಾಳಿಂಬೆಯ ಚಿತ್ರ. ಒಳಗೆ ಕಂದು ಪುಡಿ ತುಂಬಿದ ಗುಳಿಗೆಗಳು. ಪಕ್ಕದಲ್ಲಿ ಹೃದಯ, ರಕ್ತದೊತ್ತಡ, ಯೌವನ ಮುಂತಾದ ಮೋಹಕ ಮಾತುಗಳು. ಮಹಾನಗರದ ಕನ್ನಡಿಗ ಕುಟುಂಬಗಳಲ್ಲಿ ಇಂಥ ಒಂದು ದೃಶ್ಯವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ವಿದೇಶದಲ್ಲಿರುವ ಮಗ ರಜೆಗೆ ಬರುವಾಗ ಪ್ರೀತಿಯಿಂದ ಒಂದು ಸೀಸೆ ತರುತ್ತಾನೆ. "ಅಪ್ಪಾ, ದಿನಕ್ಕೊಂದು ತೆಗೆದುಕೊಳ್ಳಿ, ಹೃದಯಕ್ಕೆ ಬಹಳ ಒಳ್ಳೆಯದಂತೆ" ಎನ್ನುತ್ತಾನೆ. ನಿವೃತ್ತರಾದ ತಂದೆ, "ಹಣ್ಣೇ ತಾನೆ, ಏನು ಕೆಡುಕಾದೀತು?" ಎಂದು ಆರಂಭಿಸುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಹೇಗೂ ಇದು ಇದೆಯಲ್ಲ ಎಂದು ರಕ್ತದೊತ್ತಡದ ಮಾತ್ರೆಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗತೊಡಗುತ್ತಾರೆ. ಅಪಾಯ ಕಾಲಿಡುವುದು ಹೀಗೆ, ಪ್ರೀತಿಯ ಉಡುಗೊರೆಯ ರೂಪದಲ್ಲಿ. ಆದುದರಿಂದ ಹಣ್ಣಿನಲ್ಲಿರುವುದೇನು, ಗುಳಿಗೆಯಲ್ಲಿರುವುದೇನು ಎಂಬುದನ್ನು ಬೇರೆ ಬೇರೆಯಾಗಿ ತಿಳಿಯುವುದು ಅವಶ್ಯ.

ಹಣ್ಣಿನ ಒಳಗುಟ್ಟು

ದಾಳಿಂಬೆಗೆ ಔಷಧೀಯ ಗೌರವ ಇಂದು ನಿನ್ನೆಯದಲ್ಲ. ಚರಕ ಸಂಹಿತೆಯು ಹೃದಯಕ್ಕೆ ಹಿತವಾದ ಹತ್ತು ದ್ರವ್ಯಗಳ ಗಣದಲ್ಲಿ ದಾಡಿಮವನ್ನು ಎಣಿಸಿದೆ. ಅತಿಸಾರಕ್ಕೆ ವೈದ್ಯರು ಕೊಡುವ ದಾಡಿಮಾಷ್ಟಕ ಚೂರ್ಣ ಇಂದಿಗೂ ಬಳಕೆಯಲ್ಲಿದೆ. ಆದರೆ ಒಂದೇ ಗಿಡದ ಎಲ್ಲ ಭಾಗಗಳೂ ಒಂದೇ ಗುಣದವಲ್ಲ ಎಂಬುದನ್ನು ಮರೆಯಲಾಗದು.

ಕಾಳಿನ ಮಾತು ಮೊದಲು. ನೂರು ಗ್ರಾಂ ಕಾಳಿನಲ್ಲಿ ಸುಮಾರು 14 ಗ್ರಾಂ ಸಕ್ಕರೆ, 4 ಗ್ರಾಂ ನಾರು, 10 ಮಿಲಿಗ್ರಾಂ ಸಿ ಜೀವಸತ್ವ, 236 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತವೆ. ಕೆಂಪು ಬಣ್ಣ ಬರುವುದು ಆಂಥೋಸಯಾನಿನ್ ಎಂಬ ವರ್ಣದ್ರವ್ಯಗಳಿಂದ. ಇದು ಉತ್ತಮ ಆಹಾರ. ಇದರ ವಿಷಯದಲ್ಲಿ ತಕರಾರಿಲ್ಲ.

ಸಿಪ್ಪೆಯ ಕಥೆ ಬೇರೆ. ಅದರ ಒಗರಿಗೆ ಕಾರಣ ಟ್ಯಾನಿನ್ ಎಂಬ ದ್ರವ್ಯಗಳು. ಅವುಗಳಲ್ಲಿ ಮುಖ್ಯವಾದುದು ಪ್ಯೂನಿಕಲಾಜಿನ್. ಗುಳಿಗೆಗಳಿಗೆ ಬೇಕಾದ ಸಾರವನ್ನು ಬಹುಮಟ್ಟಿಗೆ ತೆಗೆಯುವುದು ಕಾಳಿನಿಂದಲ್ಲ, ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಮತ್ತು ತಿರುಳಿನಿಂದ. ಕಾರ್ಖಾನೆಯಲ್ಲಿ ಇಡೀ ಹಣ್ಣನ್ನೇ ಒತ್ತಿ ಹಿಂಡುವುದರಿಂದ ಆ ರಸದಲ್ಲಿಯೂ ಸಿಪ್ಪೆಯ ಅಂಶ ಬೆರೆತಿರುತ್ತದೆ. ಮನೆಯಲ್ಲಿ ಕಾಳು ಬಿಡಿಸಿ ತೆಗೆದ ರಸದಲ್ಲಿ ಅದು ಬಹಳ ಕಡಿಮೆ. ಅಂದರೆ ಕಾಳು, ಮನೆಯ ರಸ, ಕಾರ್ಖಾನೆಯ ರಸ, ಗುಳಿಗೆ ಇವು ನಾಲ್ಕೂ ನಾಲ್ಕು ಬಗೆಯ ಪದಾರ್ಥಗಳು. ಒಂದರ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದಕ್ಕೆ ಅಂಟಿಸುವುದು ಸರಿಯಲ್ಲ.

ಇನ್ನು ಬೇರು ಮತ್ತು ಕಾಂಡದ ತೊಗಟೆ. ಫ್ರಾನ್ಸಿನ ಚಾರ್ಲ್ಸ್ ತಾಂರೆ ಎಂಬ ವಿಜ್ಞಾನಿ 1878ರಲ್ಲಿ ಇದರಿಂದ ಪೆಲೆಟಿಯರಿನ್ ಎಂಬ ಕ್ಷಾರೀಯ ದ್ರವ್ಯವನ್ನು ಬೇರ್ಪಡಿಸಿದನು. ಒಂದು ಕಾಲದಲ್ಲಿ ಲಾಡಿಹುಳುವನ್ನು ಹೊರಹಾಕಲು ಇದನ್ನು ಕೊಡುತ್ತಿದ್ದರು. ಪ್ರಮಾಣ ಮೀರಿದರೆ ವಾಂತಿ, ತಲೆಸುತ್ತು, ದೃಷ್ಟಿದೋಷಗಳು ಉಂಟಾಗುವ ಕಾರಣ ಆ ಚಿಕಿತ್ಸೆ ಹಿಂದೆ ಸರಿಯಿತು. ತೊಗಟೆಯ ಮನೆಮದ್ದಿಗೆ ಯಾರೂ ಕೈಹಾಕಬಾರದು.

ಪ್ಯೂನಿಕಲಾಜಿನ್ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದೂ ಕುತೂಹಲಕರ. ಅದು ಇದ್ದಂತೆಯೇ ರಕ್ತವನ್ನು ಸೇರುವುದಿಲ್ಲ. ಮೊದಲು ಎಲಾಜಿಕ್ ಆಮ್ಲವಾಗಿ ಒಡೆದು, ಆ ಬಳಿಕ ಕರುಳಿನ ಸೂಕ್ಷ್ಮಜೀವಿಗಳಿಂದ ಯುರೊಲಿಥಿನ್ ಎಂಬ ದ್ರವ್ಯಗಳಾಗಿ ಮಾರ್ಪಡುತ್ತದೆ. ಈ ಮಾರ್ಪಾಡು ಎಲ್ಲರಲ್ಲಿಯೂ ಒಂದೇ ತೆರನಾಗಿ ನಡೆಯುವುದಿಲ್ಲ. ಕೆಲವರಲ್ಲಿ ನಡೆಯುವುದೇ ಇಲ್ಲ. ಒಂದೇ ಸೀಸೆಯ ಗುಳಿಗೆಯನ್ನು ನುಂಗಿದ ಗಂಡಹೆಂಡಿರಿಬ್ಬರಲ್ಲಿ ಪರಿಣಾಮ ಬೇರೆಬೇರೆಯಾಗುವ ಸಂಭವ ಉಂಟು.

ಆಸೆ ಹುಟ್ಟಿಸಿದ ಪ್ರಯೋಗಗಳು

ಇಸ್ರೇಲಿನ ಸಂಶೋಧಕರು 2004ರಲ್ಲಿ ಒಂದು ವರದಿ ಪ್ರಕಟಿಸಿದರು. ಕತ್ತಿನ ರಕ್ತನಾಳ ಕಿರಿದಾಗಿದ್ದ 19 ರೋಗಿಗಳಲ್ಲಿ 10 ಮಂದಿಗೆ ದಿನವೂ ದಾಳಿಂಬೆ ರಸ ಕೊಡಲಾಯಿತು. ಒಂದು ವರ್ಷದಲ್ಲಿ ಅವರ ರಕ್ತನಾಳದ ಗೋಡೆಯ ದಪ್ಪ ಶೇಕಡಾ 30ರವರೆಗೆ ತಗ್ಗಿತು. ರಸ ಕುಡಿಯದವರಲ್ಲಿ ಶೇಕಡಾ 9ರಷ್ಟು ಹೆಚ್ಚಿತು. ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಆದರೆ ಹತ್ತು ಜನರ ಅನುಭವದಿಂದ ಕೋಟಿ ಜನರಿಗೆ ವಿಧಿ ಹೇಳಲಾಗದು. ಅಮೆರಿಕದಲ್ಲಿ 289 ಮಂದಿಯ ಮೇಲೆ ಹದಿನೆಂಟು ತಿಂಗಳ ಕಾಲ ದೊಡ್ಡ ಪರೀಕ್ಷೆ ನಡೆಯಿತು. ಅರ್ಧದಷ್ಟು ಜನರಿಗೆ ದಿನಕ್ಕೆ 240 ಮಿಲಿಲೀಟರ್ ರಸ, ಉಳಿದವರಿಗೆ ಅದರಂತೆಯೇ ಕಾಣುವ ಬೇರೆ ಪಾನೀಯ. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಟ್ಟಾರೆ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಪುರುಷರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ರೋಗದ ಸೂಚಕವಾದ ಒಂದು ದ್ರವ್ಯ ರಕ್ತದಲ್ಲಿ ದ್ವಿಗುಣವಾಗಲು ಹಿಡಿಯುವ ಕಾಲವು ರಸ ಕುಡಿದವರಲ್ಲಿ 15 ತಿಂಗಳಿಂದ 54 ತಿಂಗಳಿಗೆ ಏರಿತೆಂದು 2006ರ ಒಂದು ವರದಿ ಹೇಳಿತು. ಆದರೆ ಅದರಲ್ಲಿ ಹೋಲಿಸಿ ನೋಡಲು ರಸ ಕುಡಿಯದವರ ಗುಂಪು ಇರಲಿಲ್ಲ. ಅಂಥ ಗುಂಪನ್ನು ಸೇರಿಸಿ, ದ್ರವರೂಪದ ಸಾರವನ್ನು ಕೊಟ್ಟು ನಡೆಸಿದ ಪರೀಕ್ಷೆಯ ವರದಿ 2015ರಲ್ಲಿ ಬಂದಾಗ ಗಣನೀಯ ಪ್ರಯೋಜನ ಕಂಡುಬರಲಿಲ್ಲ.

ಹಾಗಾದರೆ ಏನೂ ಉಪಯೋಗವಿಲ್ಲವೆ? ಹಾಗೆನ್ನಲಾಗದು. ರಕ್ತದೊತ್ತಡದ ಮೇಲೆ ರಸದ ಪ್ರಭಾವವನ್ನು ಕುರಿತ ಎಂಟು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ಲೆಕ್ಕಾಚಾರದಲ್ಲಿ, ಮೇಲಿನ ಒತ್ತಡ ಸರಾಸರಿ 5 ಮಿಲಿಮೀಟರಿನಷ್ಟು, ಕೆಳಗಿನದು 2 ಮಿಲಿಮೀಟರಿನಷ್ಟು ತಗ್ಗಿದುದು ಕಂಡಿತು. ಇದು ಸಣ್ಣ ಲಾಭವಾದರೂ ಲಾಭವೇ. ಆದರೆ ರಕ್ತದೊತ್ತಡದ ಒಂದು ಮಾತ್ರೆ ವಾಡಿಕೆಯ ಪ್ರಮಾಣದಲ್ಲಿ ಸರಾಸರಿ 9 ಮಿಲಿಮೀಟರಿನಷ್ಟು ಒತ್ತಡವನ್ನು ಇಳಿಸುತ್ತದೆ. ಪಾರ್ಶ್ವವಾಯು, ಹೃದಯಾಘಾತಗಳನ್ನು ಅಂಥ ಮಾತ್ರೆಗಳು ತಡೆಯುತ್ತವೆಂಬುದು ಸಾವಿರಾರು ರೋಗಿಗಳ ಮೇಲೆ ಸಿದ್ಧವಾದ ಸಂಗತಿ. ದಾಳಿಂಬೆಯ ಪರವಾಗಿ ಅಂಥ ಸಾಕ್ಷ್ಯ ಇಲ್ಲ. ಮೇಲಾಗಿ ಆ ಎಂಟು ಪರೀಕ್ಷೆಗಳೂ ರಸವನ್ನು ಕುರಿತವು, ಗುಳಿಗೆಯನ್ನಲ್ಲ.

ನ್ಯಾಯಾಲಯದ ಮೆಟ್ಟಿಲೇರಿದ ಹಣ್ಣು

ಅಮೆರಿಕದ ಪಾಮ್ ವಂಡರ್‌ಫುಲ್ ಎಂಬ ಕಂಪೆನಿ ತನ್ನ ದಾಳಿಂಬೆ ರಸ ಮತ್ತು ಗುಳಿಗೆಗಳು ಹೃದ್ರೋಗವನ್ನೂ ಪ್ರಾಸ್ಟೇಟ್ ಕ್ಯಾನ್ಸರನ್ನೂ ದೂರವಿಡುತ್ತವೆಂಬ ಅರ್ಥ ಬರುವಂತೆ ಜಾಹೀರಾತು ನೀಡುತ್ತಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಇದರ ವಿರುದ್ಧ ದೂರು ಹೂಡಿತು. ಅನುಕೂಲವಾದ ಸಣ್ಣ ಪ್ರಯೋಗಗಳನ್ನು ಎತ್ತಿ ತೋರಿಸಿ, ಪ್ರತಿಕೂಲವಾದ ದೊಡ್ಡ ಪರೀಕ್ಷೆಯನ್ನು ಮರೆಮಾಚಲಾಗಿದೆ ಎಂಬುದು ವಾದದ ಒಂದು ಮುಖ್ಯ ಅಂಶ. ಕಮಿಷನ್ 2013ರಲ್ಲಿ ಜಾಹೀರಾತುಗಳು ದಾರಿತಪ್ಪಿಸುವಂಥವು ಎಂದು ತೀರ್ಮಾನಿಸಿತು. 2015ರ ಜನವರಿಯಲ್ಲಿ ವಾಷಿಂಗ್‌ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ತೀರ್ಮಾನವನ್ನು ಎತ್ತಿಹಿಡಿಯಿತು. ರೋಗ ತಡೆಯುತ್ತದೆ ಎಂದು ಹೇಳಿಕೊಳ್ಳಬೇಕಾದರೆ ಕಟ್ಟುನಿಟ್ಟಿನ ಮಾನವ ಪರೀಕ್ಷೆಗಳು ಎರಡಾದರೂ ಬೇಕೆಂದು ಕಮಿಷನ್ ವಿಧಿಸಿತ್ತು. ನ್ಯಾಯಾಲಯ ಅದನ್ನು ಒಂದಕ್ಕೆ ಇಳಿಸಿತು. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಸ್ವೀಕರಿಸಲಿಲ್ಲ.

ಭಾರತದಲ್ಲಿ 2016ರ ಆಹಾರ ಸುರಕ್ಷತಾ ನಿಯಮಗಳು ಪೂರಕ ಗುಳಿಗೆಗಳನ್ನು ಔಷಧವೆಂದಲ್ಲ, ಆಹಾರವೆಂದೇ ಪರಿಗಣಿಸಿದವು. 'ಔಷಧೀಯ ಬಳಕೆಗಲ್ಲ' ಎಂಬರ್ಥದ ಸೂಚನೆ ಇಂಥ ಸೀಸೆಗಳ ಚೀಟಿಯ ಮೇಲೆ ಇರತಕ್ಕದ್ದು. ಮುಂಭಾಗದ ದೊಡ್ಡ ಅಕ್ಷರಗಳನ್ನು ಓದುವ ಕಣ್ಣು ಆ ಸಣ್ಣ ಅಕ್ಷರಗಳನ್ನೂ ಹುಡುಕಬೇಕು.

ಸೀಸೆಯೊಳಗೆ ದಾಳಿಂಬೆ ಇದೆಯೇ?

ಇದು ವಿನೋದದ ಪ್ರಶ್ನೆಯಲ್ಲ. ಅಮೆರಿಕದ ಮಾರುಕಟ್ಟೆಯಲ್ಲಿ ದಾಳಿಂಬೆ ಸಾರವೆಂದು ಮಾರಲಾಗುತ್ತಿದ್ದ 27 ಉತ್ಪನ್ನಗಳನ್ನು ಸಂಶೋಧಕರು ಪರೀಕ್ಷಿಸಿ 2009ರಲ್ಲಿ ವರದಿ ಮಾಡಿದರು. ದಾಳಿಂಬೆಗೆ ಸಹಜವಾದ ಟ್ಯಾನಿನ್‌ಗಳ ಲಕ್ಷಣ ಕಂಡುಬಂದುದು ಕೇವಲ 5ರಲ್ಲಿ. 17ರಲ್ಲಿ ಬಹುಪಾಲು ಎಲಾಜಿಕ್ ಆಮ್ಲವೇ ತುಂಬಿದ್ದು, ದಾಳಿಂಬೆಯ ಟ್ಯಾನಿನ್ ಅತ್ಯಲ್ಪವಾಗಿತ್ತು ಅಥವಾ ಇರಲೇ ಇಲ್ಲ. ಉಳಿದ 5ರಲ್ಲಿ ಎರಡೂ ಕಾಣಲಿಲ್ಲ. ಎಲಾಜಿಕ್ ಆಮ್ಲ ಅಗ್ಗವಾಗಿ ಬೇರೆ ಮೂಲಗಳಿಂದಲೂ ದೊರೆಯುತ್ತದೆ. 'ಶೇಕಡಾ 40 ಎಲಾಜಿಕ್ ಆಮ್ಲ' ಎಂದು ಬರೆದ ಮಾತ್ರಕ್ಕೆ ಅದು ದಾಳಿಂಬೆಯ ಸಾರವೆಂದು ನಂಬಲಾಗದು. ಹಣ್ಣನ್ನು ಕೊಳ್ಳುವವನು ಕೈಯಲ್ಲಿ ತೂಗಿ ನೋಡಬಲ್ಲ. ಗುಳಿಗೆಯನ್ನು ಕೊಳ್ಳುವವನಿಗೆ ಆ ಅನುಕೂಲವಿಲ್ಲ.

ಎಚ್ಚರ ಬೇಕಾದವರು ಯಾರು?

ಆರೋಗ್ಯವಂತರಿಗೆ ಸಾರದಿಂದ ತಕ್ಷಣದ ಹಾನಿ ಹೆಚ್ಚಾಗಿ ಕಂಡುಬಂದಿಲ್ಲ ಎಂಬುದು ನಿಜ. ಸ್ಥೂಲಕಾಯದ 64 ಮಂದಿಗೆ ದಿನಕ್ಕೆ 1420 ಮಿಲಿಗ್ರಾಂವರೆಗೆ ನಾಲ್ಕು ವಾರ ಕೊಟ್ಟು ನೋಡಿದಾಗ ಗಂಭೀರ ತೊಂದರೆ ತಲೆದೋರಲಿಲ್ಲ. ಆದರೆ ಪ್ರಾಸ್ಟೇಟ್ ರೋಗಿಗಳ ಇನ್ನೊಂದು ಪರೀಕ್ಷೆಯಲ್ಲಿ ಭೇದಿಯ ತೊಂದರೆ ದಿನಕ್ಕೆ 1 ಗ್ರಾಂ ಪಡೆದವರಲ್ಲಿ ಶೇಕಡಾ 2ರಷ್ಟಿದ್ದರೆ, 3 ಗ್ರಾಂ ಪಡೆದವರಲ್ಲಿ ಶೇಕಡಾ 13ಕ್ಕೂ ಮೀರಿತ್ತು. ಹೊಟ್ಟೆ ಕಟ್ಟಲು ಅಜ್ಜಿಯರು ಬಳಸಿದ ಹಣ್ಣಿನ ಸಾರವೇ ಮಿತಿಮೀರಿದಾಗ ಹೊಟ್ಟೆ ಕೆಡಿಸುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಸುಳ್ಳಲ್ಲ.

ಔಷಧ ಸೇವಿಸುತ್ತಿರುವವರ ವಿಷಯ ಹೆಚ್ಚು ಸೂಕ್ಷ್ಮ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಜೊತೆಗೆ ದಾಳಿಂಬೆ ರಸ ಕುಡಿದವರಲ್ಲಿ ರಕ್ತದ ತೆಳುವು ಏರುಪೇರಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೊಲೆಸ್ಟರಾಲ್ ಇಳಿಸುವ ರೊಸುವಸ್ಟಾಟಿನ್ ಸೇವಿಸುತ್ತಿದ್ದ ಒಬ್ಬ ರೋಗಿಗೆ ಸ್ನಾಯುಗಳು ತೀವ್ರವಾಗಿ ಹಾನಿಗೊಂಡುದನ್ನು 2006ರಲ್ಲಿ ವರದಿ ಮಾಡಲಾಯಿತು. ಇಂಥ ಬಿಡಿ ಪ್ರಕರಣಗಳಿಂದ ದಾಳಿಂಬೆಯೇ ಅಪರಾಧಿ ಎಂದು ಸಾಧಿಸಲಾಗದು. ಆರೋಗ್ಯವಂತರ ಮೇಲೆ ಕೆಲವು ಔಷಧಗಳೊಡನೆ ನಡೆಸಿದ ಪರೀಕ್ಷೆಗಳಲ್ಲಿ ಅಂಥ ಘರ್ಷಣೆ ಕಾಣಲಿಲ್ಲ. ಆದರೂ ವಾರ್ಫರಿನ್‌ನಂತಹ ಔಷಧದಲ್ಲಿ ಹಿತಕ್ಕೂ ಅಹಿತಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು. ಅಲ್ಲಿ ಪ್ರಯೋಗ ಮಾಡುವುದು ಜಾಣತನವಲ್ಲ.

ರಕ್ತದೊತ್ತಡದ ಮಾತ್ರೆಯೊಡನೆ ಸಾರವೂ ಸೇರಿದರೆ ಒತ್ತಡ ಅಗತ್ಯಕ್ಕಿಂತ ಇಳಿದು ತಲೆಸುತ್ತು ಬರಬಹುದು. ಮೂತ್ರಪಿಂಡದ ಕಾಯಿಲೆಯವರು ಪೊಟ್ಯಾಸಿಯಂ ಲೆಕ್ಕವನ್ನು ನೋಡಿಯೇ ಹಣ್ಣು, ರಸಗಳನ್ನು ಸೇವಿಸಬೇಕು. ಮಧುಮೇಹಿಗಳು ನೆನಪಿಡಬೇಕಾದುದೆಂದರೆ, 200 ಮಿಲಿಲೀಟರ್ ರಸದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ನಾರು ಇರುವ ಕಾಳನ್ನು ಹಿಡಿಯಷ್ಟು ತಿನ್ನುವುದು ಮೇಲು. ಗರ್ಭಿಣಿಯರು ಮತ್ತು ಎದೆಹಾಲೂಡಿಸುವ ತಾಯಂದಿರು ಗುಳಿಗೆಯಿಂದ ದೂರವಿರುವುದು ಕ್ಷೇಮ. ಶಸ್ತ್ರಚಿಕಿತ್ಸೆ ನಿಶ್ಚಯವಾದವರು ಯಾವ ಪೂರಕ ಸೇವಿಸುತ್ತಿದ್ದರೂ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಅಪರೂಪವಾಗಿ ಕೆಲವರಿಗೆ ದಾಳಿಂಬೆಯೇ ಒಗ್ಗದೆ ಮೈ ತುರಿಕೆ, ತುಟಿ ಬಾವು, ಉಸಿರುಕಟ್ಟುವಿಕೆ ಉಂಟಾಗುವುದೂ ಇದೆ.

ಕಡೆಯ ಮಾತು

ಹಣ್ಣು ತಿನ್ನಲು ಹೆದರಬೇಕಾಗಿಲ್ಲ. ಸೊಲ್ಲಾಪುರದ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಬಾಗಲಕೋಟೆ, ವಿಜಯಪುರ, ಚಿತ್ರದುರ್ಗಗಳ ರೈತರೂ ಇದನ್ನು ಬೆಳೆಯುತ್ತಾರೆ. ಗುಳಿಗೆಗೆ ಕೊಡುವ ಹಣದಲ್ಲಿ ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುವಷ್ಟು ಹಣ್ಣು ಬರುತ್ತದೆ.

ಮಗ ತಂದ ಸೀಸೆಯನ್ನು ತಂದೆ ಎಸೆಯಬೇಕೆಂದಲ್ಲ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಅದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಲಿ. ವೈದ್ಯರು ಒಪ್ಪಿದರೆ ಸೇವಿಸಲಿ, ಬೇಡವೆಂದರೆ ಬಿಡಲಿ. ಆದರೆ ಎರಡರಲ್ಲಿ ಯಾವುದಾದರೂ, ವೈದ್ಯರು ಬರೆದುಕೊಟ್ಟ ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು. ರಕ್ತದೊತ್ತಡ ಸದ್ದಿಲ್ಲದೆ ಏರುವ ಶತ್ರು; ಮಾತ್ರೆ ಬಿಟ್ಟುದು ಗೊತ್ತಾಗುವುದು ಕೆಲವೊಮ್ಮೆ ಕೈಕಾಲು ಬಿದ್ದ ದಿನ. ಊರಿನಿಂದ ದೂರವಿರುವ ಸಂಸಾರದಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳಲು ನೆಂಟರಿಷ್ಟರು ಬಾಗಿಲಲ್ಲಿ ಇರುವುದಿಲ್ಲ. ಹಣ್ಣು ಊಟದ ತಟ್ಟೆಯಲ್ಲಿರಲಿ, ಮಾತ್ರೆ ತನ್ನ ಹೊತ್ತಿಗೆ ಹೊಟ್ಟೆ ಸೇರಲಿ. ಒಂದರ ಜಾಗವನ್ನು ಇನ್ನೊಂದು ಕಸಿಯದಿರಲಿ.